ತಿರುವಿನಲ್ಲಿ ಪಾರ್ಕಿಂಗ್ ಬೇಡ ಅಂದಿದ್ದಕ್ಕೆ ಬೀದಿಗೆ ಬೀದಿಯೇ ಜಗಳ. ನಿಮ್ಮ ಕಡೆ ಹೇಗೆ?

ತಿರುವಿನಮನೆ
ನಮ್ಮದು ನಗರದ ಅಂಚಿನ ಬಡಾವಣೆ. ಒಳರಸ್ತೆ 7 ಮೀಟರ್ ಅಗಲ. ಬಡಾವಣೆ ಮಾಡಿದಾಗ ಮನೆಗೊಂದು ಕಾರು ಇದ್ದರೆ ಜಾಸ್ತಿ ಅನ್ನುವ ಲೆಕ್ಕ. ಈಗ ಎರಡೂ ಬದಿ ಒತ್ತೊತ್ತಾಗಿ ಕಾರು ನಿಂತಿರುತ್ತವೆ. ನಗರಸಭೆ ಹೊಸ ನಿಯಮ ತರಲು ಹೊರಟಿದೆ. ರಸ್ತೆಯ ಒಂದೇ ಬದಿ ಪಾರ್ಕಿಂಗ್. ತಿರುವಿನ ಹತ್ತಿರ ಯಾವ ಬದಿಯೂ ಇಲ್ಲ.

ನಾನು ಇದರ ಪರ. ನಮ್ಮ ತಿರುವನ್ನು ದಿನಾ ನೋಡುತ್ತೇನೆ. ಮೂಲೆಗೆ ಒತ್ತಿಕೊಂಡು ಒಂದು ದೊಡ್ಡ ವ್ಯಾನ್ ನಿಲ್ಲುತ್ತದೆ. ಅದರ ಹಿಂದಿನಿಂದ ಮಕ್ಕಳು ಸೈಕಲ್ ತರುವಾಗ ಮೊದಲು ಕಾಣುವುದು ಮುಂದಿನ ಚಕ್ರ, ಆಮೇಲೆ ಹ್ಯಾಂಡಲ್. ಮಗುವಿನ ಮುಖ ಕಾಣುವ ಹೊತ್ತಿಗೆ ಸೈಕಲ್ ಅರ್ಧ ರಸ್ತೆಗೆ ಬಂದಾಗಿರುತ್ತದೆ. ಬ್ರೇಕ್ ಒತ್ತಿದ ಸದ್ದು ನಮ್ಮ ಮನೆಯೊಳಗೆ ಕೇಳುತ್ತದೆ. ಇನ್ನೂ ಯಾರಿಗೂ ಏನೂ ಆಗಿಲ್ಲ. ಆದ ಮೇಲೆ ನಿಯಮ ತಂದರೆ ಏನು ಬಂತು?

ಸಂಘದ ಸಭೆಯಲ್ಲಿ ಅರ್ಧ ಜನ ಬೇಡವೇ ಬೇಡ ಅಂದರು. "ನಮ್ಮ ಮನೆ ಮುಂದೆ ನಾವೇ ನಿಲ್ಲಿಸಬಾರದಾ?" ಅಂತ ಕೂಗಾಟ. ನಿಮ್ಮ ಕಡೆ ಇಂಥ ನಿಯಮ ಬಂದಿದೆಯಾ? ನಡೆಯಿತಾ? ನಗರಸಭೆಗೆ ಅಭಿಪ್ರಾಯ ಹೇಳಲು ಇನ್ನೂ ಸಮಯ ಇದೆ. ಪರ, ವಿರೋಧ ಎರಡೂ ಹೇಳಿ.

ಎರಡುಕಾರು
ವಿರೋಧ ನನ್ನಿಂದ ಶುರುವಾಗಲಿ. ನಾನು, ನನ್ನ ಹೆಂಡತಿ ಬೇರೆ ಬೇರೆ ದಿಕ್ಕಿಗೆ ಕೆಲಸಕ್ಕೆ ಹೋಗುತ್ತೇವೆ. ಬಸ್ಸು ನಂಬಿಕೊಂಡರೆ ಹೊತ್ತಿಗೆ ಸರಿಯಾಗಿ ತಲುಪಲ್ಲ. ಎರಡು ಕಾರು ಇರುವುದು ಶೋಕಿಗಲ್ಲ. ಗೇಟಿನೊಳಗೆ ಒಂದಕ್ಕೇ ಜಾಗ. ಒಂದು ಬದಿ ನಿಷೇಧ ಮಾಡಿದರೆ ಅರ್ಧ ಕಾರುಗಳು ಮಾಯವಾಗಲ್ಲ, ಪಕ್ಕದ ಬೀದಿಗೆ ಹೋಗುತ್ತವೆ. ತಲೆನೋವು ಅವರಿಗೆ ವರ್ಗಾವಣೆ, ಅಷ್ಟೇ. ಅದೂ ಅಲ್ಲದೆ ನಾವು ರಸ್ತೆ ತೆರಿಗೆ ಕಟ್ಟುತ್ತೇವೆ.

ನಡೆದೇಹೋಗುವೆ
ತೆರಿಗೆ ಕಟ್ಟುವುದು ಓಡಿಸೋಕೆ. ರಾತ್ರಿಯಿಡೀ ನಿಲ್ಲಿಸೋಕಲ್ಲ. ಮನೆಯಲ್ಲಿ ಜಾಗ ಇಲ್ಲ ಅಂತ ನಾನು ಬೀರು ತಂದು ರಸ್ತೆಗಿಟ್ಟರೆ ಸುಮ್ನಿರ್ತೀರಾ?

ಎರಡುಕಾರು
ಬೀರು ಇಲ್ಲದಿದ್ದರೆ ಕೆಲಸ ಹೋಗಲ್ಲ ಸರ್. ಕಾರು ಇಲ್ಲದಿದ್ದರೆ ಹೋಗುತ್ತೆ.

ಹಳೇಸೈರನ್
ನಾನು ಅಗ್ನಿಶಾಮಕ ವಾಹನ ಓಡಿಸಿ ನಿವೃತ್ತನಾದವನು. ವಾದ ಮಾಡುವ ಮೊದಲು ಎರಡೂ ಕಡೆಯವರು ಒಂದು ಟೇಪು ತಗೊಂಡು ರಸ್ತೆಗಿಳಿಯಿರಿ.

ನಮ್ಮ ಗಾಡಿಯ ಮೈ ಸುಮಾರು 2.5 ಮೀಟರ್ ಅಗಲ. ಎರಡು ಕನ್ನಡಿ ಸೇರಿದರೆ 3 ಮೀಟರ್ ಹತ್ತಿರ. ಸಾಧಾರಣ ಕಾರು 1.8 ಮೀಟರ್. ಫುಟ್‌ಪಾತಿನಿಂದ ಒಂದು ಗೇಣು ಬಿಟ್ಟು ನಿಲ್ಲಿಸಿದರೆ 2 ಮೀಟರ್ ಹೋಯಿತು. ಎರಡೂ ಬದಿ ನಿಲ್ಲಿಸಿದರೆ ನಿಮ್ಮ 7 ಮೀಟರ್ ರಸ್ತೆಯಲ್ಲಿ ಉಳಿಯುವುದು 3 ಮೀಟರ್. ಕನ್ನಡಿ ಮಡಚಿಕೊಂಡು, ಒಬ್ಬ ಕೆಳಗಿಳಿದು ಕೈ ತೋರಿಸುತ್ತಾ, ನಡೆದಷ್ಟು ನಿಧಾನವಾಗಿ ಹೋಗಬೇಕು. ಯಾರೋ ಒಬ್ಬರು ಸ್ವಲ್ಪ ಓರೆ ನಿಲ್ಲಿಸಿದ್ದರೆ ಅಲ್ಲಿಗೆ ಮುಗಿಯಿತು.

ತಿರುವು ಇನ್ನೂ ಕಷ್ಟ. ಉದ್ದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರಲ್ಲ. ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಮೂಲೆಯಲ್ಲಿ ಒಂದೇ ಒಂದು ಕಾರು ಇದ್ದರೂ ಹಿಂದೆ ಮುಂದೆ, ಹಿಂದೆ ಮುಂದೆ ಮಾಡುತ್ತಾ ಇರಬೇಕು. ಆ ಹೊತ್ತಿನಲ್ಲಿ ಬೆಂಕಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟಿಬಿಡುತ್ತದೆ.

ತಲುಪಿದರೆ ಸಾಕು ಅಂದುಕೊಳ್ಳಬೇಡಿ. ಏಣಿ ಇರುವ ಗಾಡಿಯಾದರೆ ಎರಡೂ ಪಕ್ಕಕ್ಕೆ ಜಾಕ್ ಚಾಚಿ ನೆಲಕ್ಕೆ ಊರಬೇಕು. ಊರದೆ ಏಣಿ ಚಾಚಿದರೆ ಗಾಡಿಯೇ ಮಗುಚಬಹುದು. ಪಕ್ಕದ ಬಾಗಿಲು ತೆಗೆದು ಹೋಸ್ ಎಳೆಯಲು ಮನುಷ್ಯ ನಿಲ್ಲುವಷ್ಟು ಜಾಗ ಬೇಕು. ಅಮೆರಿಕದ ಬಹಳ ಊರುಗಳು ಪಾಲಿಸುವ ಅಗ್ನಿ ಸುರಕ್ಷತೆ ನಿಯಮದಲ್ಲಿ ಗಾಡಿ ಬರುವ ದಾರಿ ಅಡ್ಡಿಯಿಲ್ಲದೆ 20 ಅಡಿ, ಅಂದರೆ ಸುಮಾರು 6 ಮೀಟರ್ ಇರಬೇಕು ಅಂತಿದೆ. ಒಂದು ಬದಿ ಖಾಲಿ ಮಾಡಿದರೆ ನಿಮಗೆ 5 ಮೀಟರ್ ಸಿಗುತ್ತದೆ. ಧಾರಾಳ ಅಲ್ಲ. ಆದರೆ ಕೆಲಸ ನಡೆಯುತ್ತದೆ.

ಹೊಸಬಾಡಿಗೆ
ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ನೀರು ಕೊಡುವ ಬೀದಿ ನಲ್ಲಿ, ಅದರ ಮುಂದೆ ನಿಲ್ಲಿಸುವವರ ಬಗ್ಗೆಯೂ ಒಂದು ಮಾತು ಹೇಳಿ ಸರ್.

ಹಳೇಸೈರನ್
ಹೈಡ್ರಂಟ್ ಇರುವ ಊರಲ್ಲಿ ಅಲ್ಲಿ ನಿಲ್ಲಿಸಲೇಬಾರದು. ನ್ಯೂಯಾರ್ಕ್‌ನಲ್ಲಿ ಅದರ ಎರಡೂ ಕಡೆ 15 ಅಡಿ ಬಿಡಬೇಕು. ಹೋಸ್ ಆದಷ್ಟು ನೇರ ಬರಬೇಕು. ಕಾರನ್ನು ಸುತ್ತಿಕೊಂಡು ಬಂದರೆ ಮಡಿಕೆ ಬಿದ್ದು ನೀರಿನ ರಭಸ ಇಳಿಯುತ್ತದೆ.

ನಕ್ಷೆಗಾರ
ರಸ್ತೆ ವಿನ್ಯಾಸ ನನ್ನ ಕೆಲಸ. ತಿರುವಿನ ವಿಷಯಕ್ಕೆ ಬರುತ್ತೇನೆ.

ಬ್ರಿಟನ್ನಿನ ಹೈವೇ ಕೋಡ್, ಅಂದರೆ ಅಲ್ಲಿನ ರಸ್ತೆ ನಿಯಮಗಳ ಪುಸ್ತಕ, ಕೊಡುವ ಲೆಕ್ಕ ಹೀಗಿದೆ. ಗಂಟೆಗೆ 32 ಕಿ.ಮೀ. ವೇಗದ ಕಾರು ಪೂರ್ತಿ ನಿಲ್ಲಲು 12 ಮೀಟರ್ ಬೇಕು. 48 ಕಿ.ಮೀ. ಇದ್ದರೆ 23 ಮೀಟರ್. ಚಾಲಕ ನೋಡಿ, ತಿಳಿದು, ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿ ಕಾರು ಸಾಗುವ ದೂರವೂ ಇದರಲ್ಲಿ ಸೇರಿದೆ. ಈಗ ಆ ವ್ಯಾನ್ ಹಿಂದಿನಿಂದ ಮಗು ಬರುತ್ತದೆ, ಕಾರು 8 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಎಂಥ ಚಾಲಕನಾದರೂ ನಿಲ್ಲಿಸೋಕೆ ಆಗಲ್ಲ. ಇಲ್ಲಿ ಬೇಕಿರುವುದು ಮೊದಲೇ ಕಾಣುವುದು. ಚಾಲಕನ ಜಾಣತನ, ಮಗುವಿಗೆ ಹೇಳಿಕೊಟ್ಟ ಬುದ್ಧಿ ಎಲ್ಲ ಆಮೇಲಿನ ಮಾತು.

ಅದಕ್ಕೇ ಅದೇ ಕೋಡ್ ತಿರುವಿನಿಂದ 10 ಮೀಟರ್ ಒಳಗೆ ನಿಲ್ಲಿಸಬೇಡಿ ಅನ್ನುತ್ತದೆ. ಜರ್ಮನಿಯಲ್ಲಿ 5 ಮೀಟರ್, ಪಕ್ಕದಲ್ಲಿ ಸೈಕಲ್ ದಾರಿ ಇದ್ದರೆ 8. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿತು. ಜನ ರಸ್ತೆ ದಾಟುವ ಪಟ್ಟಿಗೆ ಮುಂಚಿನ 20 ಅಡಿ ಖಾಲಿ ಇರಬೇಕು. 2025ರಿಂದ ದಂಡವೂ ಶುರುವಾಯಿತು.

ತಿರುವಿನಮನೆಯವರೇ, ನಿಮ್ಮ ನಗರಸಭೆಯ ಕಾಗದದಲ್ಲಿ ಎಷ್ಟು ಮೀಟರ್ ಅಂತ ಬರೆದಿದೆಯಾ? ಬರೀ "ಹತ್ತಿರ" ಅಂತಿದ್ದರೆ ಅದು ನಾಳೆ ಜಗಳಕ್ಕೆ ದಾರಿ.

ತಿರುವಿನಮನೆ
"ತಿರುವುಗಳ ಹತ್ತಿರ" ಅಂತಲೇ ಇದೆ. ಮೀಟರ್ ಇಲ್ಲ. ಇದನ್ನು ಬರೆದೇ ಕೇಳುತ್ತೇನೆ.

ಗೇರ್‌ಬದಲು
ಒಂದು ವಿಷಯ ಯಾರೂ ಎತ್ತಲಿಲ್ಲ. ಎರಡೂ ಬದಿ ಕಾರು ನಿಂತಿದ್ದರೆ ಓಡಿಸುವವನು ತಾನಾಗಿ ನಿಧಾನ ಮಾಡುತ್ತಾನೆ. ನಮ್ಮ ಬೀದಿಯಲ್ಲಿ ಒಂದು ಬದಿ ಖಾಲಿ ಮಾಡಿಸಿದರು. ಸ್ವಲ್ಪ ದಿನಕ್ಕೇ ಅದು ಮುಖ್ಯರಸ್ತೆಯ ಟ್ರಾಫಿಕ್ ತಪ್ಪಿಸುವವರ ಶಾರ್ಟ್‌ಕಟ್ ಆಯಿತು. ಮೊದಲು ತೆವಳುತ್ತಿದ್ದ ಕಾರುಗಳು ಈಗ ಹಾರಿಕೊಂಡು ಬರುತ್ತವೆ. ಮಕ್ಕಳ ಸುರಕ್ಷತೆ ಅಂತ ಶುರು ಮಾಡಿದ್ದು, ಈಗ ಮಕ್ಕಳನ್ನೇ ಹೊರಗೆ ಬಿಡುತ್ತಿಲ್ಲ.

ಹಳೇಸೈರನ್
ಹಂಪ್ ಹಾಕಿಸಿ.

ಗೇರ್‌ಬದಲು
ಹಂಪ್ ಹಾಕಿದರೆ ಆಂಬುಲೆನ್ಸ್ ಒಳಗೆ ಮಲಗಿದವರ ಗತಿ? ನಿಮ್ಮ ಗಾಡಿಯೂ ಪ್ರತಿ ಹಂಪಿಗೆ ನಿಧಾನ ಮಾಡಲೇಬೇಕು ಅಲ್ವಾ ಸರ್?

ನಕ್ಷೆಗಾರ
ಗೇರ್‌ಬದಲು ಹೇಳಿದ್ದು ನಿಜ. ರಸ್ತೆ ಅಗಲ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಹಾಗಾಗಿ ಖಾಲಿ ಮಾಡಿಸಿ ಸುಮ್ಮನಾದರೆ ಅರ್ಧ ಕೆಲಸ.

ಒಂದು ಉಪಾಯ ಹೇಳುತ್ತೇನೆ. ಪಾರ್ಕಿಂಗನ್ನು ಬೀದಿಯುದ್ದಕ್ಕೂ ಒಂದೇ ಬದಿ ಕೊಡಬೇಡಿ. ಮೊದಲ ಭಾಗದಲ್ಲಿ ಎಡಗಡೆ, ಮಧ್ಯದ ಭಾಗದಲ್ಲಿ ಬಲಗಡೆ, ಮತ್ತೆ ಎಡಗಡೆ. ಆಗ ಓಡಿಸುವ ದಾರಿ ಅಂಕುಡೊಂಕಾಗುತ್ತದೆ. ವೇಗ ಇಳಿಯುತ್ತದೆ. ಅಗಲ ಮಾತ್ರ ಎಲ್ಲ ಕಡೆ 5 ಮೀಟರ್ ಉಳಿಯುತ್ತದೆ. ಬದಿ ಬದಲಾಗುವ ಕಡೆ ಉದ್ದ ಗಾಡಿ ಹೊರಳುವಷ್ಟು ಜಾಗ ಖಾಲಿ ಬಿಡಬೇಕು, ಅಷ್ಟೇ. ಇದಕ್ಕೆ ಬಣ್ಣ ಸಾಕು.

ಮೂಲೆಗಳಲ್ಲಿ ಫುಟ್‌ಪಾತನ್ನೇ ರಸ್ತೆಗೆ ಸ್ವಲ್ಪ ಚಾಚುವುದೂ ಒಂದು ದಾರಿ. ದಾಟುವ ದೂರ ಕಡಿಮೆ, ಅಲ್ಲಿ ಕಾರು ನಿಲ್ಲಿಸಲೂ ಆಗಲ್ಲ.

ಹಳೇಸೈರನ್
ಆ ಚಾಚಿದ ಕಲ್ಲಿಗೆ ನನ್ನ ಹಿಂದಿನ ಚಕ್ರ ಬಡಿಯುತ್ತದಲ್ಲ ಸ್ವಾಮಿ!

ನಕ್ಷೆಗಾರ
ಕಿರಿದಾದ ಬೀದಿಯಲ್ಲಿ ಕಲ್ಲು ಹಾಕಬಾರದು, ನಿಮ್ಮ ಮಾತು ಸರಿ. ಅಲ್ಲಿ ಬಣ್ಣ ಬಳಿದು ಬಗ್ಗುವ ಪ್ಲಾಸ್ಟಿಕ್ ಕಂಬ ನೆಡುತ್ತಾರೆ. ದೊಡ್ಡ ಗಾಡಿ ಅದರ ಮೇಲೆ ಹಾದುಹೋಗಬಹುದು. ಕಂಬ ಮತ್ತೆ ಎದ್ದು ನಿಲ್ಲುತ್ತದೆ. ಕಾರಿನವರು ಮಾತ್ರ ಅಲ್ಲಿ ನಿಲ್ಲಿಸಲ್ಲ.

ಅಮೆರಿಕದಲ್ಲಿ ಹೋಬೋಕನ್ ಅಂತ ಒಂದು ಸಣ್ಣ ನಗರ ಇದೆ, ನ್ಯೂಯಾರ್ಕ್ ಎದುರಿಗೆ, ನದಿಯ ಈಚೆ ದಡದಲ್ಲಿ. ಜನಸಂಖ್ಯೆ ಸುಮಾರು 60 ಸಾವಿರ. ಮೂಲೆಗಳಿಂದ ಕಾರು ತೆಗೆಸುವುದನ್ನು ಅವರು ಪಟ್ಟು ಹಿಡಿದು ಮಾಡಿದರು. ರಸ್ತೆ ಡಾಂಬರು ಮಾಡುವಾಗಲೆಲ್ಲ ಆ ಮೂಲೆಯನ್ನೂ ಸರಿಪಡಿಸಿಕೊಂಡು ಹೋದರು. 2017ರ ಜನವರಿಯಿಂದ ಏಳು ವರ್ಷಕ್ಕೂ ಜಾಸ್ತಿ ಕಾಲ ಅವರ ಬೀದಿಗಳಲ್ಲಿ ಅಪಘಾತದಿಂದ ಒಂದು ಸಾವೂ ಆಗಲಿಲ್ಲ. ಇದು ಮೂಲೆ ಖಾಲಿ ಮಾಡಿದ್ದರಿಂದ ಮಾತ್ರ ಅನ್ನಬೇಡಿ. 2022ರಲ್ಲಿ ವೇಗದ ಮಿತಿಯನ್ನೂ ಗಂಟೆಗೆ 20 ಮೈಲಿಗೆ ಇಳಿಸಿದರು.

ವೀಲ್‌ಚೇರ್‌ಸವಾರಿ
ಎಲ್ಲರೂ ರಸ್ತೆಯ ಅಗಲದ ಬಗ್ಗೆ ಮಾತಾಡುತ್ತಿದ್ದೀರಿ. ರಸ್ತೆ ಇಕ್ಕಟ್ಟಾದಾಗ ಜನ ಏನು ಮಾಡುತ್ತಾರೆ? ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸುತ್ತಾರೆ. ಓಡುವ ಗಾಡಿಗೆ ಜಾಗ ಬಿಟ್ಟೆ ಅನ್ನುವ ಸಮಾಧಾನ ಅವರಿಗೆ.

ನಾನು ವೀಲ್‌ಚೇರ್‌ನಲ್ಲಿ ಓಡಾಡುವವಳು. ಕಾರಿನ ಕನ್ನಡಿಗೂ ಕಾಂಪೌಂಡ್ ಗೋಡೆಗೂ ಮಧ್ಯೆ ನನ್ನ ತೋಳು ತೂರುತ್ತದೆ, ಗಾಲಿ ತೂರಲ್ಲ. ಬಂದ ದಾರಿಯಲ್ಲೇ ಹಿಂದೆ ಹೋಗಿ, ಇಳಿಜಾರು ಇರುವ ಕಡೆ ಕೆಳಗಿಳಿದು, ಓಡುವ ಗಾಡಿಗಳ ಪಕ್ಕದಲ್ಲೇ ಹೋಗಬೇಕು. ಕೂತಾಗ ನನ್ನ ತಲೆ ಕಾರಿನ ಮಾಡಿಗಿಂತ ಕೆಳಗಿರುತ್ತದೆ. ನಿಂತ ಕಾರಿನ ಆಚೆ ನಾನಿರುವುದು ಬರುವವರಿಗೆ ಕಾಣುವುದೇ ಇಲ್ಲ. ಕಣ್ಣು ಕಾಣದವರು ಕೋಲು ಹಿಡಿದು ಬಂದರೆ ಅವರಿಗೂ ಇದೇ ಪಾಡು, ಮಗುವಿನ ತಳ್ಳುಗಾಡಿ ತಂದವರಿಗೂ ಇದೇ.

ಲಂಡನ್ನಿನಲ್ಲಿ ಫುಟ್‌ಪಾತ್ ಪಾರ್ಕಿಂಗ್ ನಿಷೇಧ 1974ರ ಕಾನೂನು. ಸ್ಕಾಟ್ಲೆಂಡ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ದಂಡ ಹಾಕುವ ಅಧಿಕಾರ ಸ್ಥಳೀಯ ಆಡಳಿತಗಳಿಗೆ ಬಂತು. ನಿಮ್ಮ ಪತ್ರದಲ್ಲಿ ಇದೂ ಇರಲಿ. ಒಂದು ಬದಿ ನಿಷೇಧ ಮಾಡಿ ಫುಟ್‌ಪಾತ್ ಬಗ್ಗೆ ಬಾಯಿ ಬಿಡದಿದ್ದರೆ ಆ ಕಾರೆಲ್ಲ ಮೇಲೆ ಹತ್ತುತ್ತವೆ.

ನಡೆದೇಹೋಗುವೆ
ನೂರಕ್ಕೆ ನೂರು ನಿಜ ಮೇಡಂ.

ಅಂಗಡಿಯಣ್ಣ
ನನ್ನ ಅಂಗಡಿ ತಿರುವಿನಲ್ಲೇ ಇದೆ. ಸಾಮಾನು ಇಳಿಸುವ ಗಾಡಿ ಎಲ್ಲಿ ನಿಲ್ಲಬೇಕು? ಗಿರಾಕಿ ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಮೊದಲೇ ವ್ಯಾಪಾರ ಕಷ್ಟ. ನಿಯಮ ಬರೆಯುವವರಿಗೆ ಅಂಗಡಿ ಬಾಡಿಗೆ ಕಟ್ಟಿ ಗೊತ್ತಿರಲ್ಲ.

ನಕ್ಷೆಗಾರ
ಅಣ್ಣಾ, ನಿಮ್ಮ ಅಂಗಡಿ ಮುಂದೆ ದಿನವಿಡೀ ನಿಲ್ಲುವ ಕಾರುಗಳು ಗಿರಾಕಿಗಳದ್ದಾ? ಒಮ್ಮೆ ಗಮನಿಸಿ. ಸಾಮಾನ್ಯವಾಗಿ ಅಲ್ಲೇ ಸುತ್ತಮುತ್ತ ಕೆಲಸ ಮಾಡುವವರು ಬೆಳಿಗ್ಗೆ ನಿಲ್ಲಿಸಿ ಸಂಜೆ ತೆಗೆಯುತ್ತಾರೆ. ಪಾರ್ಕಿಂಗ್ ಮೀಟರ್ ಹುಟ್ಟಿದ್ದೇ ಇದಕ್ಕೆ. 1935ರ ಜುಲೈನಲ್ಲಿ ಒಕ್ಲಹೋಮ ಸಿಟಿಯಲ್ಲಿ ಜಗತ್ತಿನ ಮೊದಲ ಮೀಟರ್ ಹಾಕಿದ್ದು, ಜಾಗ ಬೇಗ ಬೇಗ ಖಾಲಿಯಾಗಿ ಗಿರಾಕಿಗಳಿಗೆ ಸಿಗಲಿ ಅಂತ.

ಡೊನಾಲ್ಡ್ ಶೂಪ್ ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಇದ್ದರು. ಪಾರ್ಕಿಂಗ್ ಬಗ್ಗೆಯೇ ಜೀವನವಿಡೀ ಕೆಲಸ ಮಾಡಿದವರು. 1927ರಿಂದ 2001ರವರೆಗಿನ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಜನಸಂದಣಿಯ ಪೇಟೆಗಳಲ್ಲಿ ಓಡುವ ಗಾಡಿಗಳಲ್ಲಿ ಸರಾಸರಿ 30 ಶೇಕಡಾ ಸುಮ್ನೆ ಜಾಗ ಹುಡುಕುತ್ತಾ ಸುತ್ತುತ್ತಿದ್ದವು. ಹುಡುಕಲು ಸರಾಸರಿ 8 ನಿಮಿಷ. ಆ ಹೊತ್ತಿನಲ್ಲಿ ಚಾಲಕನ ಕಣ್ಣು ಖಾಲಿ ಜಾಗದ ಮೇಲೆ ಇರುತ್ತದೆ, ದಾಟುವವರ ಮೇಲಲ್ಲ. ಅವರ ಸಲಹೆ ಸರಳ. ಪ್ರತಿ ಬೀದಿಯಲ್ಲೂ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುವಷ್ಟು ಶುಲ್ಕ ಇಡಿ.

ನಿಮಗೆ ಬೇಕಿರುವುದು ಅಂಗಡಿಯಿಂದ ಸ್ವಲ್ಪ ಆಚೆ ಸಾಮಾನು ಇಳಿಸಲು ಒಂದು ಗುರುತಿನ ಜಾಗ, ಅರ್ಧ ಗಂಟೆ ಮಿತಿಯ ಎರಡು ಜಾಗ. ಅದನ್ನು ಕೇಳಿ. ಮೂಲೆಯನ್ನು ಕೇಳಬೇಡಿ.

ಅಂಗಡಿಯಣ್ಣ
ಇಳಿಸುವ ಜಾಗ ಕೊಟ್ಟರೆ ನನ್ನ ತಕರಾರು ಇಲ್ಲ. ಆದರೆ ಬೇರೆ ಯಾರಾದರೂ ಅಲ್ಲಿ ನಿಲ್ಲಿಸಿ ಹೋದರೆ ತೆಗೆಸುವವರು ಯಾರು?

ರಾತ್ರಿಪಾಳಿ
ನಾನು ಆಸ್ಪತ್ರೆಯಲ್ಲಿ ನರ್ಸ್. ಕೆಲಸ ಮುಗಿಸಿ ಬರುವುದು ನಡುರಾತ್ರಿ ದಾಟಿದ ಮೇಲೆ. ನಮ್ಮ ಬೀದಿಯಲ್ಲಿ ಒಂದು ಬದಿ ನಿಷೇಧ ಬಂದ ಮೇಲೆ ನಾನು ಬರುವ ಹೊತ್ತಿಗೆ ಎಲ್ಲ ಜಾಗ ತುಂಬಿರುತ್ತದೆ. ಎರಡು ಬೀದಿ ಆಚೆ ಕಾರು ನಿಲ್ಲಿಸಿ ನಡೆಯುತ್ತೇನೆ. ಅರ್ಧ ದೀಪ ಉರಿಯಲ್ಲ. ಕೀಲಿ ಬೆರಳಿನ ಸಂದಿಯಲ್ಲಿ ಹಿಡಿದುಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತೇನೆ. ಸುರಕ್ಷತೆ ಅಂದರೆ ಅಪಘಾತ, ಬೆಂಕಿ ಅಷ್ಟೇ ಅಲ್ಲ. ಮೂಲೆ ಖಾಲಿ ಇರಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ, ಗಾಯಗೊಂಡ ಮಕ್ಕಳನ್ನು ನೋಡುವ ಕೆಲಸ ನನ್ನದು. ಆದರೆ ನಿಯಮ ಮಾಡುವವರು ರಾತ್ರಿ ಬರುವ ಹೆಂಗಸರನ್ನು ಲೆಕ್ಕಕ್ಕೆ ತಗೊಂಡಿದ್ದಾರಾ?

ಎರಡುಕಾರು
ಇದನ್ನೇ ನಾನು ಹೇಳಿದ್ದು.

ತಿರುವಿನಮನೆ
ರಾತ್ರಿಪಾಳಿ ಅಕ್ಕ, ನಮ್ಮ ಸಭೆಯಲ್ಲಿ ಈ ಮಾತು ಯಾರೂ ಎತ್ತಲಿಲ್ಲ. ದೀಪ ಮೊದಲು, ನಿಷೇಧ ಆಮೇಲೆ ಅಂತ ಷರತ್ತು ಹಾಕಬಹುದು. ಪಾಳಿಯಲ್ಲಿ ಕೆಲಸ ಮಾಡುವವರಿಗೆ ಪರವಾನಗಿ ಚೀಟಿ ಕೊಟ್ಟು ಒಂದೆರಡು ಜಾಗ ಕಾಯ್ದಿರಿಸಬಹುದಾ?

ನಕ್ಷೆಗಾರ
ಕೊಡಬಹುದು. ನಿವಾಸಿಗಳಿಗೆ ಪರವಾನಗಿ ಬಹಳ ಊರುಗಳಲ್ಲಿ ಇದೆ. ಮನೆಗೆ ಮೊದಲ ಕಾರಿಗೆ ಕಡಿಮೆ ಶುಲ್ಕ, ಎರಡನೆಯದಕ್ಕೆ ಜಾಸ್ತಿ ಅಂತಲೂ ಮಾಡುತ್ತಾರೆ. ಪಾಳಿಯವರ ಜಾಗ ದೀಪದ ಕಂಬದ ಕೆಳಗೇ ಇರಲಿ.

ಗೇರ್‌ಬದಲು
ಪರವಾನಗಿ ಬಿಡಿ, ಮೊದಲು ಹೂಕುಂಡ, ಕಲ್ಲು ಇಟ್ಟು ರಸ್ತೆ ಹಿಡಿದಿರುವವರನ್ನು ಏನು ಮಾಡುತ್ತೀರಿ? ನಮ್ಮ ಬೀದಿಯಲ್ಲಿ ಒಬ್ಬರು ಸರಪಳಿ ಕಟ್ಟಿದ್ದಾರೆ. ರಾತ್ರಿ ಸ್ಕೂಟರಿನವರೊಬ್ಬರು ಅದಕ್ಕೆ ಸಿಕ್ಕಿ ಬಿದ್ದರು.

ಎರಡುಕಾರು
ಕುಂಡ ಇಡುವವರು ನಾವೂ ಇದ್ದೇವೆ. ಗೇಟಿಗೇ ಅಡ್ಡ ನಿಲ್ಲಿಸಿ ಹೋದರೆ ಇನ್ನೇನು ಮಾಡೋಣ?

ಹೊಸಬಾಡಿಗೆ
ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಟು ಬಿಟ್ಟು ಉಳಿದ ಗೋಡೆಯುದ್ದಕ್ಕೂ ಕುಂಡ ಸಾಲು ಇಟ್ಟರೆ ನಮ್ಮಂಥ ಬಾಡಿಗೆಯವರು ಎಲ್ಲಿಗೆ ಹೋಗಬೇಕು? ರಸ್ತೆ ಮನೆ ಮಾಲೀಕರ ಆಸ್ತಿ ಅಲ್ಲ. ನನ್ನ ಟೈರಿನ ಗಾಳಿ ಬಿಟ್ಟು ಚೀಟಿ ಅಂಟಿಸಿದ್ದರು. ಅಲ್ಲಿ ನಿಷೇಧದ ಬೋರ್ಡೇ ಇರಲಿಲ್ಲ.

ದೂರದೂರು
ಜಪಾನ್ ಮಾದರಿ ನೋಡಿ. 1962ರ ಕಾನೂನು. ಕಾರು ನೋಂದಾಯಿಸುವ ಮೊದಲು ಅದನ್ನು ನಿಲ್ಲಿಸಲು ರಸ್ತೆಯಲ್ಲದ ಜಾಗ ಇದೆ ಅಂತ ತೋರಿಸಬೇಕು. ಮನೆಯಿಂದ 2 ಕಿ.ಮೀ. ಒಳಗೆ ಇರಬೇಕು. ಪೊಲೀಸರು ಪ್ರಮಾಣಪತ್ರ ಕೊಡುತ್ತಾರೆ. ರಸ್ತೆಯಲ್ಲಿ ಒಂದೇ ಕಡೆ 12 ಗಂಟೆ, ರಾತ್ರಿಯಾದರೆ 8 ಗಂಟೆಗಿಂತ ಜಾಸ್ತಿ ನಿಲ್ಲಿಸುವಂತಿಲ್ಲ. ಅದಕ್ಕೇ ಅಲ್ಲಿನ ಒಳಬೀದಿಗಳು 4 ಮೀಟರ್ ಇದ್ದರೂ ಓಡಾಡೋಕೆ ಆಗುತ್ತದೆ. ಎಲ್ಲ ಕಡೆ ಇದನ್ನೇ ತರಬೇಕು.

ನಕ್ಷೆಗಾರ
ಒಂದು ತಿದ್ದುಪಡಿ. ಅಲ್ಲೂ ಸಣ್ಣ ಊರುಗಳಲ್ಲಿ ಚಿಕ್ಕ "ಕೇ" ಕಾರುಗಳಿಗೆ ಈ ನಿಯಮ ಸಡಿಲ. ಇನ್ನೊಂದು, ಅವರು ಇದನ್ನು ತಂದಾಗ ಕಾರುಗಳು ಇನ್ನೂ ಕಡಿಮೆ ಇದ್ದವು. ಬೀದಿ ತುಂಬಿದ ಮೇಲೆ ಹಳೇ ಕಾರುಗಳಿಗೆ ಇದೇ ನಿಯಮ ಹಾಕಿದರೆ ಗಲಾಟೆ ಗ್ಯಾರಂಟಿ. ಹೊಸದಾಗಿ ಕೊಳ್ಳುವ ಕಾರಿಗೆ ಮಾತ್ರ ಅಂತ ಶುರು ಮಾಡಬಹುದು.

ಎರಡುಕಾರು
ಹೊಸ ಕಾರಿಗೆ ಮಾತ್ರ ಅಂದರೆ ನನಗೆ ಒಪ್ಪಿಗೆ. ತಿರುವಿನ 10 ಮೀಟರಿಗೂ ಒಪ್ಪಿಗೆ. ಒಂದು ಬದಿ ಪೂರ್ತಿ ಖಾಲಿ ಅನ್ನುವುದಕ್ಕೆ ಈಗಲೂ ಒಪ್ಪಲ್ಲ. ಬೇರೆ ಜಾಗ ತೋರಿಸಿ, ಆಮೇಲೆ ನಿಷೇಧ ಮಾಡಿ.

ಹಳೇಸೈರನ್
ನಿಮ್ಮ ಮನೆಗೇ ಬೆಂಕಿ ಬಿದ್ದರೆ ಬೇರೆ ಜಾಗ ಹುಡುಕುವ ತನಕ ಕಾಯುತ್ತೀರಾ? ಕೋಪದಿಂದ ಹೇಳುತ್ತಿಲ್ಲ. ಗಾಡಿ ಬೀದಿ ತುದಿಯಲ್ಲಿ ನಿಲ್ಲಿಸಿ, ಹೋಸ್ ಹೆಗಲ ಮೇಲೆ ಹೊತ್ತು ಓಡಿದ್ದೇನೆ. ಕಾರಿನ ಸಂದಿಯಲ್ಲಿ ಹೋಸಿನ ಹಿತ್ತಾಳೆ ತುದಿ ಸಿಕ್ಕಿಕೊಂಡಾಗ ಹಿಂದೆ ಹೋಗಿ ಬಿಡಿಸಬೇಕು. ಮನೆಯವರು ಬಾಗಿಲಲ್ಲಿ ನಿಂತು ಕಿರುಚುತ್ತಿರುತ್ತಾರೆ.

ಸೈಕಲ್‌ಬೆಲ್
ಕಾರಿನ ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ. ನಿಂತ ಕಾರಿನ ಪಕ್ಕ ಸೈಕಲ್ ಹೊಡೆಯುವಾಗ ದಢಾರ್ ಅಂತ ಬಾಗಿಲು ತೆರೆದರೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಒಂದೋ ಬಾಗಿಲಿಗೆ, ಇಲ್ಲ ಹಿಂದೆ ಬರುವ ಗಾಡಿಗೆ. ದಯವಿಟ್ಟು ಎಲ್ಲರೂ ಒಂದು ಅಭ್ಯಾಸ ಮಾಡಿಕೊಳ್ಳಿ. ಬಾಗಿಲಿನಿಂದ ದೂರದ ಕೈಯಲ್ಲಿ ಹಿಡಿಕೆ ಎಳೆಯಿರಿ. ಬಲಗಡೆ ಕೂತಿದ್ದರೆ ಎಡಗೈ. ಆಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಬ್ರಿಟನ್ ಇದನ್ನು 2022ರಲ್ಲಿ ಹೈವೇ ಕೋಡ್‌ಗೇ ಸೇರಿಸಿತು.

ದೂರದೂರು
ಚೆನ್ನಾಗಿದೆ. ಇವತ್ತಿಂದಲೇ ಮಾಡುತ್ತೇನೆ.

ಹೊಸಬಾಡಿಗೆ
ಒಂದೇ ಬದಿಯ ಮನೆಯವರಿಗೆ ಯಾವಾಗಲೂ ಅನುಕೂಲ ಆಗುತ್ತಲ್ಲ, ಅದಕ್ಕೆ ಫ್ರಾನ್ಸ್‌ನಲ್ಲಿ ಕೆಲವು ಕಡೆ ಬದಿ ಬದಲಿಸುತ್ತಾರೆ. ತಿಂಗಳ 1ರಿಂದ 15ರವರೆಗೆ ಬೆಸ ಸಂಖ್ಯೆಯ ಮನೆಗಳ ಬದಿ, 16ರಿಂದ ತಿಂಗಳ ಕೊನೆವರೆಗೆ ಸಮ ಸಂಖ್ಯೆಯ ಬದಿ. ಬದಲಾಗುವ ದಿನ ರಾತ್ರಿ 8.30ರಿಂದ 9ರ ಒಳಗೆ ಎಲ್ಲರೂ ಕಾರು ಆಚೆ ಬದಿಗೆ ಹಾಕಬೇಕು. ಖಾಲಿಯಾದ ಬದಿಯಲ್ಲಿ ಚರಂಡಿ, ಕಸ ಎಲ್ಲ ಕ್ಲೀನ್ ಮಾಡಬಹುದು.

ಗೇರ್‌ಬದಲು
ಊರಿಗೆ ಹೋದವರ ಕಾರು ಯಾರು ಬದಲಿಸುತ್ತಾರೆ? ಅವತ್ತು ಎರಡೂ ಬದಿ ಕಾರು ನಿಂತು ರಸ್ತೆಯೇ ಬಂದ್ ಆಗುತ್ತೆ. ಬೇಡಪ್ಪಾ.

ವೀಲ್‌ಚೇರ್‌ಸವಾರಿ
ನನಗೂ ಕಷ್ಟ. ನನಗೆ ಇಳಿಯುವ ಜಾಗ ಒಂದೇ ಕಡೆ, ಇಳಿಜಾರಿನ ಪಕ್ಕದಲ್ಲೇ ಇರಬೇಕು. ಹದಿನೈದು ದಿನಕ್ಕೊಮ್ಮೆ ರಸ್ತೆಯ ಆಚೆ ಹೋದರೆ ಆಗಲ್ಲ.

ಅಂಗಡಿಯಣ್ಣ
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ತೆಗೆಸುವವರು ಯಾರು?

ನಕ್ಷೆಗಾರ
ಅದೇ ಅಸಲು ಪ್ರಶ್ನೆ ಅಣ್ಣಾ. ಬೋರ್ಡು ಹಾಕಿ, ಅದು ಮರದ ಕೊಂಬೆಯ ಹಿಂದೆ ಮರೆಯಾಗಿ, ವರ್ಷಕ್ಕೊಮ್ಮೆ ಗಾಡಿ ಎತ್ತಿಕೊಂಡು ಹೋದರೆ ಜನರಿಗೆ ಬರುವುದು ಸಿಟ್ಟು ಮಾತ್ರ. ನಿಷೇಧ ನೆಲದ ಮೇಲೆ ಕಾಣಬೇಕು. ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಸ್ಪಷ್ಟ ಇರಬೇಕು. ಮೊದಲ ತಿಂಗಳು ಬರೀ ಎಚ್ಚರಿಕೆ ಚೀಟಿ. ಆಮೇಲೆ ದಂಡ, ಯಾರ ಕಾರಾದರೂ ಸರಿ. ದಂಡ ದೊಡ್ಡದಿರಬೇಕಿಲ್ಲ, ತಪ್ಪದೆ ಬೀಳಬೇಕು. ಮೂಲೆಗೆ ಮಾತ್ರ ದಂಡವನ್ನು ನಂಬಬೇಡಿ. ಅಲ್ಲಿ ನಿಲ್ಲಿಸಲು ಸಾಧ್ಯವೇ ಆಗದ ಹಾಗೆ ಮಾಡಿ.

ತಿರುವಿನಮನೆ
ಪತ್ರ ಬರೆಯುತ್ತಿದ್ದೇನೆ. ತಿರುವಿನಿಂದ 10 ಮೀಟರ್ ಅಂತ ಸ್ಪಷ್ಟವಾಗಿ, ಬಗ್ಗುವ ಕಂಬ, ಎಡ ಬಲ ಬದಲಾಗುವ ಪಾರ್ಕಿಂಗ್, ಫುಟ್‌ಪಾತ್ ನಿಷೇಧ, ಅಂಗಡಿಗೆ ಇಳಿಸುವ ಜಾಗ, ದೀಪ ಮೊದಲು. ಎರಡುಕಾರು ಅವರ "ಬೇರೆ ಜಾಗ ತೋರಿಸಿ" ಅನ್ನುವುದನ್ನೂ ಸೇರಿಸಿದ್ದೇನೆ. ಬಡಾವಣೆ ಪಕ್ಕದಲ್ಲಿ ನಗರಸಭೆಯದೇ ಖಾಲಿ ಜಾಗ ಇದೆ. ಒಂದು ಅನುಮಾನ ಮಾತ್ರ. ಖಾಲಿ ಮಾಡಿಸಿದ ಮೂಲೆಗೆ ಬೈಕುಗಳು ಬಂದು ಸೇರಿಕೊಂಡರೆ?

ಸೈಕಲ್‌ಬೆಲ್
ಸೈಕಲ್ ಸ್ಟ್ಯಾಂಡ್ ಹಾಕಿಸಿ! ಸೈಕಲ್ ಮಧ್ಯದಿಂದ ಆಚೆ ಕಾಣುತ್ತದೆ.

ನಕ್ಷೆಗಾರ
ಸೈಕಲ್ ಸ್ಟ್ಯಾಂಡ್ ಆಗಬಹುದು. ಬಹಳ ಊರುಗಳು ಖಾಲಿ ಮೂಲೆಗೆ ಅದನ್ನೇ ಹಾಕುತ್ತವೆ. ಬೈಕ್ ಬೇಡ. ಸಾಲಾಗಿ ನಿಂತ ಬೈಕುಗಳ ಹಿಂದೆ ಚಿಕ್ಕ ಮಗು ಪೂರ್ತಿ ಮರೆಯಾಗುತ್ತದೆ. ಸ್ಟ್ಯಾಂಡನ್ನೂ ದಾಟುವ ಜಾಗಕ್ಕೆ ತಾಗಿಸದೆ ಸ್ವಲ್ಪ ಹಿಂದಕ್ಕೆ ಹಾಕಿಸಿ. ಹಳೇಸೈರನ್ ಅವರ ಹಿಂದಿನ ಚಕ್ರ ಎಲ್ಲಿ ಬರುತ್ತದೆ ಅಂತ ಮೊದಲು ಗೆರೆ ಎಳೆದು ನೋಡಿ.

ಹಳೇಸೈರನ್
ನಿಮ್ಮೂರಿನ ಅಗ್ನಿಶಾಮಕ ಠಾಣೆಗೆ ಹೋಗಿ ಕೇಳಿ. ಗಾಡಿ ತಂದು ಬೀದಿಯಲ್ಲಿ ತಿರುಗಿಸಿ ತೋರಿಸಿ ಅಂತ. ಅವರಿಗೂ ದಾರಿ ಗೊತ್ತಿರಬೇಕು, ಬಂದರೂ ಬರಬಹುದು. ಅವತ್ತು ಸಂಘದವರನ್ನೆಲ್ಲ ಕರೆಯಿರಿ.